ಶಿಲ್ಪದ ಬೆನ್ನು

ಗುರುಗಳಿಗೆ, ಪೋಷಕರಿಗೆ, ನನ್ನ ಸಹಪಾಠಿಗಳಿಗೆ ನಮಸ್ಕಾರ.

ಈ ವರ್ಷ ಕಲಾ ತರಗತಿಯಲ್ಲಿ ಮಾಡಿದ ಶಿಲ್ಪಗಳ ಬಗ್ಗೆ ಮಾತನಾಡಬೇಕೆಂದು ಗುರುಗಳು ಹೇಳಿದ್ದಾರೆ. ಒಂದು ಉಬ್ಬುಶಿಲ್ಪ, ಜೇಡಿಮಣ್ಣಿನ ತಲೆ, ಪ್ಲಾಸ್ಟರ್ ದಿಮ್ಮಿಯಲ್ಲಿ ಕೆತ್ತಿದ ಒಂದು ರೂಪ, ತಂತಿಯ ಒಂದು ಆಕೃತಿ: ಇವಿಷ್ಟು ನನ್ನ ಕೆಲಸಗಳು. ಇವುಗಳ ಮುಂಭಾಗವನ್ನು ನೀವು ಈಗಾಗಲೇ ನೋಡಿದ್ದೀರಿ. ಆದ್ದರಿಂದ ನಾನು ಬೆನ್ನಿನ ಬಗ್ಗೆ, ಒಡಲಿನ ಬಗ್ಗೆ ಮಾತನಾಡುತ್ತೇನೆ. ಈ ವರ್ಷ ಕಲಿತದ್ದರಲ್ಲಿ ಹೆಚ್ಚಿನದನ್ನು ಕಲಿತದ್ದು ಅಲ್ಲಿಯೇ.

ಉಬ್ಬುಶಿಲ್ಪಕ್ಕೆ ನೋಡುವಂಥ ಬೆನ್ನಿಲ್ಲ. ಹಲಗೆಯ ಮೇಲೆ ಮಣ್ಣು ಹರವಿ, ಎಲ್ಲಿ ಎಷ್ಟು ಉಬ್ಬಬೇಕು, ಎಲ್ಲಿ ತಗ್ಗಬೇಕು ಎಂದು ನಿರ್ಧರಿಸಿದರೆ ಉಳಿದ ಕೆಲಸವನ್ನು ಪಕ್ಕದಿಂದ ಬೀಳುವ ಬೆಳಕು ಮಾಡಿಕೊಡುತ್ತದೆ. ಚಿತ್ರ ಬರೆದು ಪಳಗಿದ ಕೈಗೆ ಅದು ಬೇಗ ಒಗ್ಗುತ್ತದೆ. ತಲೆ ಮಾಡಲು ಕುಳಿತಾಗ ಮಾತ್ರ ಆ ಪಳಗಿದ ಕೈ ಸಾಲುವುದಿಲ್ಲ.

ತಲೆ ಎಂದರೆ ಎಲ್ಲರ ಬೆರಳೂ ಮೊದಲು ಕಣ್ಣು, ಮೂಗು, ಬಾಯಿಯ ಕಡೆಗೇ ಹೋಗುತ್ತದೆ. ನಮ್ಮ ಗುರುಗಳು ಅದನ್ನು ತಡೆದರು. ತಲೆಬುರುಡೆ ಮೂಡುವವರೆಗೆ ಕಣ್ಣು ಬರೆಯುವಂತಿಲ್ಲ ಎಂಬುದು ಅವರ ಕಟ್ಟುನಿಟ್ಟು. ಪಕ್ಕದಿಂದ ನೋಡಿದಾಗ ಕಿವಿಯ ಹಿಂದೆ ತಲೆ ಎಷ್ಟು ದೂರ ಚಾಚಿಕೊಂಡಿದೆ ಎಂಬುದನ್ನು ನಾವು ದಿನವೂ ಕಾಣುತ್ತೇವೆ, ಆದರೆ ಗಮನಿಸುವುದಿಲ್ಲ. ಕಿವಿ ಇರುವುದು ತಲೆಯ ಹಿಂತುದಿಯಲ್ಲಲ್ಲ, ಹೆಚ್ಚುಕಡಿಮೆ ನಡುವಿನಲ್ಲಿ. ಕಣ್ಣುಗಳೂ ಹಾಗೆಯೇ: ನೆತ್ತಿಗೂ ಗಲ್ಲಕ್ಕೂ ಬಹುತೇಕ ಮಧ್ಯದಲ್ಲಿರುತ್ತವೆ. ತಿರುಗುಪೀಠವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ನಿಲುಗಡೆಯಲ್ಲೂ ಹೊರಗೆರೆಯನ್ನು ಮಾದರಿಯೊಂದಿಗೆ ಹೋಲಿಸಿ ತಿದ್ದುವುದೇ ಅಲ್ಲಿನ ಕ್ರಮ. ಫ್ರಾನ್ಸಿನ ಶಿಲ್ಪಿ ಒಗುಸ್ತ್ ರೋದಾ ಕೆಲಸ ಮಾಡುತ್ತಿದ್ದುದೂ ಹೀಗೆಯೇ, ಒಂದಾದ ಮೇಲೊಂದು ಹೊರಗೆರೆಯನ್ನು ಹಿಡಿಯುತ್ತ. ಕುತ್ತಿಗೆಯ ಹಿಂಭಾಗ ಸರಿಯಾದ ಕ್ಷಣದಲ್ಲಿ, ನಾನು ಮುಟ್ಟಿಯೇ ಇರದ ಮುಖಕ್ಕೆ ಒಂದು ನಿಲುವು ಬಂದುಬಿಟ್ಟಿತು. ಆ ತಲೆ ಯಾವುದೋ ಮಾತಿಗೆ ಕಿವಿಗೊಟ್ಟಂತೆ ಕಂಡಿತು. ಭಾವವೆಲ್ಲ ಮುಖದಲ್ಲಿರುತ್ತದೆ ಎಂದು ಆವರೆಗೆ ನಂಬಿದ್ದೆ.

ಇನ್ನು ಒಡಲು. ಗಟ್ಟಿಯಾಗಿ ತುಂಬಿದ ಮಣ್ಣಿನ ತಲೆಯನ್ನು ಹಾಗೆಯೇ ಆವಿಗೆಗೆ, ಅಂದರೆ ಮಣ್ಣು ಸುಡುವ ಗೂಡಿಗೆ, ಇಡುವಂತಿಲ್ಲ. ಮಣ್ಣಿನೊಳಗಿನ ಗಾಳಿಗುಳ್ಳೆಯಿಂದ ಶಿಲ್ಪ ಸಿಡಿಯುತ್ತದೆ ಎಂದು ತರಗತಿಯಲ್ಲಿ ಹಲವರು ಹೇಳುತ್ತಿದ್ದರು. ನಿಜವಾದ ಕಾರಣ ನೀರು. ದಪ್ಪ ಮಣ್ಣಿನ ನಡುವೆ ಉಳಿದ ತೇವ 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಹೊರಬರಲು ದಾರಿ ಸಿಗದಿದ್ದರೆ ಗೋಡೆಯನ್ನೇ ಒಡೆಯುತ್ತದೆ. ಅದಕ್ಕಾಗಿ ಮಣ್ಣು ಅರೆ ಒಣಗಿ ತೊಗಲಿನಷ್ಟು ಬಿಗಿಯಾದಾಗ, ನೆತ್ತಿಯನ್ನು ತಂತಿಯಿಂದ ಕೊಯ್ದು ತೆಗೆದು, ಒಳಗಿನ ಮಣ್ಣನ್ನೆಲ್ಲ ತೋಡಿ, ಗೋಡೆಯನ್ನು ಬೆರಳಿನ ದಪ್ಪಕ್ಕೆ ತರಬೇಕು. ಬಳಿಕ ಅಂಚುಗಳನ್ನು ಗೀರಿ, ಮಣ್ಣಿನ ರಾಡಿ ಬಳಿದು, ನೆತ್ತಿಯನ್ನು ಮರಳಿ ಕೂರಿಸಬೇಕು. ಅಡಿಯಲ್ಲಿ ಒಂದು ತೂತು ಬಿಡಬೇಕು. ತೋಡುವಾಗ ನನ್ನ ಕೈ ಮುಖದ ಒಳಬದಿಗೆ ಹೋಯಿತು. ಹೊರಗೆ ಮೂಗು ಉಬ್ಬಿದ್ದಲ್ಲಿ ಒಳಗೂ ಹಳ್ಳ ಮಾಡಬೇಕಿತ್ತು, ಇಲ್ಲವಾದರೆ ಅಲ್ಲಿ ಗೋಡೆ ದಪ್ಪವಾಗಿ ಉಳಿಯುತ್ತದೆ. ಒಂದೇ ಮುಖವನ್ನು ಎರಡನೆಯ ಸಲ, ಈ ಬಾರಿ ಕಣ್ಣಿನ ನೆರವಿಲ್ಲದೆ, ಒಳಗಿನಿಂದ ಮಾಡಿದ ಆ ಮಧ್ಯಾಹ್ನವನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ.

ಒಣಗಿಸುವುದಕ್ಕೂ ಅಷ್ಟೇ ತಾಳ್ಮೆ ಬೇಕು. ಮಣ್ಣು ಒಣಗುತ್ತ ಕುಗ್ಗುತ್ತದೆ. ತೆಳುವಾದ ಕಿವಿ ಮೊದಲು ಒಣಗಿ ಕುಗ್ಗುತ್ತದೆ, ದಪ್ಪ ಕುತ್ತಿಗೆ ಹಿಂದುಳಿಯುತ್ತದೆ, ಇವೆರಡರ ಎಳೆದಾಟದಲ್ಲಿ ಬಿರುಕು ಹುಟ್ಟುತ್ತದೆ. ಹಾಗಾಗಿ ಕಿವಿಗಳಿಗೆ ಪ್ಲಾಸ್ಟಿಕ್ ಹೊದಿಸಿ, ಇಡೀ ತಲೆ ಒಂದೇ ಹದದಲ್ಲಿ ಒಣಗುವಂತೆ ನೋಡಿಕೊಂಡೆವು.

ಮೇಣದ ಅಥವಾ ಸುಡದ ಮಣ್ಣಿನ ಶಿಲ್ಪಕ್ಕೆ ಒಳಗೆ ಹಂದರ ಬೇಕಾಗುತ್ತದೆ. ಎಡ್ಗರ್ ಡೆಗಾ 1881ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ಪುಟ್ಟ ನರ್ತಕಿಯ ಮೇಣದ ಶಿಲ್ಪವನ್ನು ಎಕ್ಸ್-ರೇ ಮೂಲಕ ಪರೀಕ್ಷಿಸಿದಾಗ, ಒಳಗೆ ಲೋಹದ ತಂತಿಗಳ ಜೊತೆಗೆ ಬಣ್ಣದ ಕುಂಚಗಳೂ ಕಾಣಿಸಿದವು. ಕೈಗೆ ಸಿಕ್ಕಿದ್ದನ್ನೇ ಆ ದೊಡ್ಡ ಕಲಾವಿದ ಮೂಳೆಯಾಗಿ ಬಳಸಿಕೊಂಡಿದ್ದ ಎಂದು ತಿಳಿದಾಗ ನನಗೆ ಆತ ತೀರ ಹತ್ತಿರದವನೆನಿಸಿದ.

ಪ್ಲಾಸ್ಟರ್ ದಿಮ್ಮಿಯ ದಾರಿಯೇ ಬೇರೆ. ಜಿಪ್ಸಮ್ ಕಲ್ಲನ್ನು ಕಾಯಿಸಿ ನೀರಿನ ಬಹುಪಾಲನ್ನು ಹೊರಹಾಕಿದ ಪುಡಿ ಅದು. ನೀರಿಗೆ ಬೆರೆತೊಡನೆ ಕಳೆದುಕೊಂಡಿದ್ದನ್ನು ಮರಳಿ ಹೀರಿಕೊಂಡು, ಬಿಸಿಯಾಗುತ್ತ ಗಟ್ಟಿಯಾಗುತ್ತದೆ. ಉಳಿಯಿಂದ ತೆಗೆದ ಚೂರು ಮತ್ತೆ ಅಂಟುವುದಿಲ್ಲವಾದ್ದರಿಂದ ಇಲ್ಲಿ ಪ್ರತಿ ಏಟಿಗೂ ಮುಂದಾಲೋಚನೆ ಬೇಕು. ನಾನು ದಿಮ್ಮಿಯ ನಡುವೆ ಆರಪಾರ ರಂಧ್ರ ಕೊರೆಯಬೇಕೆಂದು ಹೊರಟೆ. 1930ರ ದಶಕದಲ್ಲಿ ಇಂಗ್ಲೆಂಡಿನ ಬಾರ್ಬರಾ ಹೆಪ್‌ವರ್ತ್ ಮತ್ತು ಹೆನ್ರಿ ಮೂರ್ ಶಿಲ್ಪದೊಳಗೆ ತೂತನ್ನೂ ಒಂದು ರೂಪವಾಗಿ ತಂದಿದ್ದರು, ಆ ಚಿತ್ರಗಳು ನನ್ನನ್ನು ಬಿಟ್ಟಿರಲಿಲ್ಲ. ರಂಧ್ರ ಮುಂದಿನಿಂದ ಹಿಂದಕ್ಕೆ ತೆರೆದುಕೊಂಡಾಗ ಬೆನ್ನಿನ ಬೆಳಕು ಮುಂಭಾಗಕ್ಕೆ ಬಂತು. ಹಿಂದಿನ ಅಂಚು ಒರಟಾಗಿದ್ದರೆ ಅದು ಈಗ ಮುಂದಿನಿಂದಲೇ ಕಾಣುತ್ತದೆ. ಅಲ್ಲಿ ಯಾವುದನ್ನೂ ಬಚ್ಚಿಡಲಾಗುವುದಿಲ್ಲ.

ಕೆತ್ತುವಾಗ ಇನ್ನೊಂದು ಚಿಂತೆಯೂ ಇತ್ತು: ಭಾರ. ಅದು ನನ್ನನ್ನು ಎರಡು ಮಹಾಶಿಲ್ಪಗಳ ಕಾಲುಗಳತ್ತ ಕರೆದೊಯ್ದಿತು. 1501ರಿಂದ 1504ರ ನಡುವೆ ಮೈಕೆಲಾಂಜೆಲೊ ಕೆತ್ತಿದ ಡೇವಿಡ್‌ನ ಬಲಗಾಲಿನ ಹಿಂದೆ ಒಂದು ಮರದ ಮೋಟು ಇದೆ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನ ಕಾಲುಗಳ ಬದಿಯಲ್ಲಿ ಹುತ್ತಗಳಿವೆ, ತೊಡೆಯಿಂದ ಮೇಲೆ ಆ ಮೂರ್ತಿಗೆ ಯಾವ ಆಸರೆಯೂ ಇಲ್ಲ. ಮೋಟು ಅಮೃತಶಿಲೆಯ ಭಾರ ಹೊರುತ್ತದೆ. ಹುತ್ತಗಳು ಕಾಲುಗಳಿಗೆ ಬಲ ಕೊಡುತ್ತಲೇ, ಬಾಹುಬಲಿ ಎಷ್ಟು ಕಾಲ ಅಲುಗಾಡದೆ ನಿಂತಿದ್ದ ಎಂಬುದನ್ನೂ ಹೇಳುತ್ತವೆ. ಆಸರೆಯನ್ನು ಕಥೆಯೊಳಗೆ ಹೀಗೆ ಬೆಸೆದದ್ದರಲ್ಲಿ ನನ್ನ ಪಾಲಿಗೆ ಗೊಮ್ಮಟನೇ ಒಂದು ಕೈ ಮೇಲು.

ತಂತಿಯ ಆಕೃತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1920ರ ದಶಕದಲ್ಲಿ ಅಲೆಕ್ಸಾಂಡರ್ ಕಾಲ್ಡರ್ ಬರಿ ತಂತಿಯಿಂದ ಮುಖಗಳನ್ನು ಮಾಡಿದ್ದ. ಅವುಗಳ ಮುಂದು, ಹಿಂದು, ಒಳಗು ಎಲ್ಲವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ತಲೆಯನ್ನು ಒಳಗಿನಿಂದ ತೋಡಿರದಿದ್ದರೆ ನಾನು ತಂತಿಯನ್ನು ಮಡಚಿದ ಗೆರೆಯೆಂದಷ್ಟೇ ತಿಳಿಯುತ್ತಿದ್ದೆ. ಈಗ ಅದು ಸುತ್ತುವರಿದಿರುವ ಖಾಲಿ ಜಾಗವೂ ನನಗೆ ಕಾಣುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಪ್ರದರ್ಶನದಲ್ಲಿ ಸುತ್ತಲೂ ನೋಡಬೇಕಾದ ದುಂಡು ಶಿಲ್ಪಗಳನ್ನು ಗೋಡೆಗೆ ಒತ್ತಿದ ಮೇಜುಗಳ ಮೇಲೆ ಇಡಲಾಗಿದೆ. ಅರ್ಧ ಕೆಲಸ ಗೋಡೆಯ ಪಾಲಾಗಿದೆ. ಈ ಮಾತು ಮುಗಿದ ಕೂಡಲೇ ಮೇಜುಗಳನ್ನು ಕೋಣೆಯ ನಡುವಿಗೆ ಎಳೆಯಲು ಗುರುಗಳು ಒಪ್ಪಿದ್ದಾರೆ. ನಾಲ್ಕು ಜನ ಕೈಜೋಡಿಸಬೇಕು. ಮಣ್ಣಿನ ತಲೆಗಳನ್ನು ಕುತ್ತಿಗೆಯಲ್ಲಿ ಹಿಡಿಯಬೇಡಿ, ಅಡಿಗೆ ಎರಡೂ ಕೈ ಕೊಟ್ಟು ಎತ್ತಿ.