ಅಟ್ಟದ ಮೇಲಿನ ಯುಫೋನಿಯಂ

ನಮಸ್ಕಾರ ಕೇಳುಗರೇ. ನಿಮ್ಮಲ್ಲಿ ಕೆಲವರ ಮನೆ ಅಟ್ಟದ ಮೇಲೆ ಒಂದು ಹಿತ್ತಾಳೆ ವಾದ್ಯ ಇದೆ. ಟ್ರಂಪೆಟ್ಟೋ, ಕಾರ್ನೆಟ್ಟೋ, ತೊಡೆಯ ಮೇಲಿಟ್ಟು ಊದುವ ದೊಡ್ಡ ಯುಫೋನಿಯಮ್ಮೋ. ತಾತ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದದ್ದು, ಇಲ್ಲವೇ ದೊಡ್ಡಪ್ಪ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಮೇಲೆ ಆಸೆಪಟ್ಟು ಕೊಂಡದ್ದು. ಹಳೇ ಸೀರೆಯಲ್ಲಿ ಸುತ್ತಿ ಗೋಣಿಚೀಲದಲ್ಲಿ ಇಟ್ಟಿರುತ್ತೀರಿ. ದಸರಾದಲ್ಲಿ ಬ್ಯಾಂಡಿನ ಸದ್ದು ಕಿವಿಗೆ ಬಿದ್ದಾಗ ಅದರ ನೆನಪಾಗುತ್ತದೆ, ಕೆಳಗೆ ಇಳಿಸುತ್ತೀರಿ. ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕುತ್ತೀರಿ. ಆಮೇಲೆ ಬಿಗಿದುಕೊಂಡಿರುವ ಕೊಳವೆಗೆ ಕಟಿಂಗ್ ಪ್ಲೇಯರ್ ಹಾಕುತ್ತೀರಿ.

ಹಾಕಬೇಡಿ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಪ್ಲೇಯರ್ ಹಾಕಬೇಡಿ. ಎರಡು ಹನಿ ಎಣ್ಣೆ ಬಿಡಿ, ಕಾಯಿರಿ.

ಯಾಕೆ ಅಂತ ಹೇಳುತ್ತೇನೆ. ಟ್ರಂಪೆಟ್ ಅಂದರೆ ಸುಮಾರು ನಾಲ್ಕೂವರೆ ಅಡಿ ಉದ್ದದ ಕೊಳವೆ. ಹಿಡಿಯಲು ಅನುಕೂಲ ಆಗಲಿ ಅಂತ ಮಡಚಿದ್ದಾರೆ. ಯುಫೋನಿಯಂ ಒಂಬತ್ತು ಅಡಿ. ಬೆರಳಿನಿಂದ ಒತ್ತುವ ಮೂರು ಪಿಸ್ಟನ್ ಇರುತ್ತವೆ. ಒಂದೊಂದು ಒತ್ತಿದಾಗಲೂ ಕೊಳವೆಗೆ ಇನ್ನೊಂದು ತುಂಡು ಸೇರಿ ಸ್ವರ ಇಳಿಯುತ್ತದೆ. ಈ ತುಂಡುಗಳನ್ನು ಹಿಂದೆ ಮುಂದೆ ಜಾರಿಸಿ ಶ್ರುತಿ ಸರಿ ಮಾಡಬೇಕು. ಅದಕ್ಕೇ ಅವುಗಳಿಗೆ ಸ್ಲೈಡ್ ಅನ್ನುವುದು. ಕೊಳವೆಯ ಗೋಡೆ ಎಷ್ಟು ದಪ್ಪ ಗೊತ್ತಾ? ಅರ್ಧ ಮಿಲಿಮೀಟರ್ ಆಸುಪಾಸು. ಮನೆಯ ಚೊಂಬಿನಷ್ಟು ಗಟ್ಟಿ ಅಲ್ಲ. ಊದುವವರ ಎಂಜಲು, ಒಣಗಿದ ಹಳೇ ಎಣ್ಣೆ, ಹಸಿರು ಕಿಲುಬು, ಇವು ಮೂರೂ ಸೇರಿ ಸ್ಲೈಡನ್ನು ಅಂಟು ಹಾಕಿದ ಹಾಗೆ ಹಿಡಿದಿರುತ್ತವೆ. ಅಲ್ಲಿಗೆ ಬಲ ಹಾಕಿದರೆ ಕಿಲುಬು ಬಿಡುವುದಿಲ್ಲ, ಕೊಳವೆ ಮುರಿಯುತ್ತದೆ.

ಒಂದು ಕಥೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಒಬ್ಬ ಟೀಚರಮ್ಮ ನನ್ನ ವಾದ್ಯ ರಿಪೇರಿ ಅಂಗಡಿಗೆ ಬಂದರು. ಗೋಣಿಚೀಲದಲ್ಲಿ ಅವರ ಅಪ್ಪನ ಯುಫೋನಿಯಂ. ಉತ್ತರ ಪ್ರದೇಶದ ಮೀರತ್ ಊರಿನ ಮಾಲು. ನಮ್ಮ ಮದುವೆ ಬ್ಯಾಂಡುಗಳಲ್ಲಿ ಮೀರತ್ ವಾದ್ಯ ಜಾಸ್ತಿ. ಅಲ್ಲಿ ಜಾಲಿ ಕೋಠಿ ಅಂತ ಒಂದು ಬೀದಿಯೇ ಈ ಕೆಲಸಕ್ಕೆ ಹೆಸರುವಾಸಿ. ಆ ಊರಿನ ನಾದಿರ್ ಅಲಿ ಕಂಪನಿ 1885ರಲ್ಲಿ ಶುರುವಾದದ್ದು. ಈ ವಾದ್ಯವೂ ಒಳ್ಳೆಯ ಮಾಲೇ. ಆದರೆ ಮೌತ್‌ಪೀಸ್ ಕಚ್ಚಿಕೊಂಡಿತ್ತು, ಅವರ ಬೀದಿಯ ಪ್ಲಂಬರ್ ಪೈಪ್ ರೆಂಚ್ ಹಾಕಿ ತಿರುಗಿಸಿದ್ದರು. ಮೌತ್‌ಪೀಸ್ ಅಲ್ಲಾಡಿರಲಿಲ್ಲ. ಅದರ ಹಿಂದಿನ ಕೊಳವೆ ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ನನಗೆ ಹೊಟ್ಟೆ ಉರಿಯಿತು.

ಮೌತ್‌ಪೀಸ್ ತೆಗೆಯಲು ಪುಲ್ಲರ್ ಅಂತ ಒಂದು ಸಣ್ಣ ಸಾಧನ ಇದೆ. ಎರಡು ಸ್ಕ್ರೂ ತಿರುಗಿಸಿದರೆ ಅದು ನೇರವಾಗಿ ಹಿಂದಕ್ಕೆ ತಳ್ಳುತ್ತದೆ, ತಿರುಚುವುದೇ ಇಲ್ಲ. ಎರಡು ನಿಮಿಷದಲ್ಲಿ ಬಂತು. ಸ್ಲೈಡುಗಳು ಬರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಪ್ರತಿ ಸ್ಲೈಡಿನ ಸಂದಿಗೂ ಎರಡು ಹನಿ ತೆಳು ಎಣ್ಣೆ ಬಿಡುತ್ತಿದ್ದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕು ಬಿಡಿಸಲು ಕೊಡುತ್ತಾರಲ್ಲ, ಅದು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತುತ್ತಿದ್ದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ಟಕ್ ಟಕ್ ಅಂತ ತಟ್ಟುತ್ತಿದ್ದೆ. ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೇ ದಿನ ಸ್ಲೈಡಿನ ಬಾಗಿಗೆ ಹತ್ತಿ ಹಗ್ಗ ಹಾಕಿ ಸಣ್ಣಗೆ ಜಗ್ಗಿದೆ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು.

ಆದರೂ ಗಾಳಿ ಹೋಗುತ್ತಿಲ್ಲ! ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಮಣ್ಣು. ಕುಂಬಾರ ಹುಳ ಗೂಡು ಕಟ್ಟಿಬಿಟ್ಟಿದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ, ಇಡೀ ರಾತ್ರಿ ಟಬ್ಬಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಎತ್ತಿದರೆ ಉತ್ತ ಗದ್ದೆಯ ನೀರಿನಂಥ ಕೆಸರು. ಅದರಲ್ಲಿ ಒಣಗಿದ ಪುಟ್ಟ ಪುಟ್ಟ ಜೇಡಗಳು, ಹುಳ ತನ್ನ ಮರಿಗೆ ಅಂತ ಕೂಡಿಟ್ಟದ್ದು. ತಿರುಚಿದ ಕೊಳವೆಯನ್ನು ಮಾತ್ರ ಉಳಿಸಲು ಆಗಲಿಲ್ಲ. ಬೆಸುಗೆ ಬಿಡಿಸಿ ಹೊಸ ಹಿತ್ತಾಳೆ ತುಂಡು ಕೂರಿಸಿದೆ. ಇಡೀ ರಿಪೇರಿಯಲ್ಲಿ ಜಾಸ್ತಿ ದುಡ್ಡು ಹಿಡಿದದ್ದು ಅದಕ್ಕೇ, ಆ ರೆಂಚ್ ಮಾಡಿದ ಕೆಲಸಕ್ಕೆ.

ವಾದ್ಯ ತೆಗೆದುಕೊಂಡು ಹೋಗಲು ಅವರ ಅಪ್ಪನೂ ಬಂದಿದ್ದರು. ಎಂಬತ್ತು ದಾಟಿದವರು, ಊದುವಷ್ಟು ಉಸಿರಿಲ್ಲ. ಯುಫೋನಿಯಂ ತೊಡೆಯ ಮೇಲಿಟ್ಟುಕೊಂಡು ಬೆರಳು ಆಡಿಸಿದರು. ಏನೂ ಒತ್ತದೆ ಸ. ಒಂದು-ಮೂರು ಒತ್ತಿ ರಿ. ಒಂದು-ಎರಡು, ಗ. ಬರೀ ಒಂದು, ಮ. ಮೇಲಿನ ಸ ತನಕ ಒಂದು ಬೆರಳೂ ತಪ್ಪಲಿಲ್ಲ. ಪಿಸ್ಟನ್ನುಗಳು ಸದ್ದಿಲ್ಲದೆ ಏಳುತ್ತಿದ್ದವು, ಇಳಿಯುತ್ತಿದ್ದವು. "ಮೇಷ್ಟ್ರೇ, ಇದು ಆಗಲೂ ಇಷ್ಟು ಸಲೀಸಾಗಿರಲಿಲ್ಲ," ಅಂದರು.

ಸಮಯ ಮುಗಿಯುತ್ತಾ ಬಂತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಹುಣಸೆಹಣ್ಣು ದೇವರ ದೀಪಕ್ಕೆ ಸರಿ, ವಾದ್ಯಕ್ಕೆ ಬೇಡ. ಹುಳಿ ಪಿಸ್ಟನ್ ಸಂದಿಗೆ ಇಳಿದರೆ ಮತ್ತೆ ಕಿಲುಬೇ. ಕುದಿಯುವ ನೀರೂ ಬೇಡ, ಮೇಲಿನ ಮೆರುಗೆಣ್ಣೆ ಸಿಪ್ಪೆ ಏಳುತ್ತದೆ. ಪಿಸ್ಟನ್ ಮೇಲೆ ಒಂದು, ಎರಡು, ಮೂರು ಅಂತ ನಂಬರ್ ಕೆತ್ತಿರುತ್ತಾರೆ. ಒಂದರ ಮನೆಗೆ ಇನ್ನೊಂದನ್ನು ಹಾಕಬೇಡಿ. ಉಪ್ಪುಕಾಗದ ಅಂತೂ ಮುಟ್ಟಿಸಲೇಬೇಡಿ. ಒಂದು ಸಲ ಸವೆದರೆ ಗಾಳಿ ಸೋರುತ್ತದೆ, ಆಮೇಲೆ ಎಷ್ಟು ಊದಿದರೂ ಸದ್ದು ಸಪ್ಪೆ. ಸೋರುತ್ತಿದೆಯಾ ಅಂತ ನೋಡುವುದು ಸುಲಭ. ಪಿಸ್ಟನ್ ಒತ್ತದೆ ಎರಡನೇ ಪಿಸ್ಟನ್ನಿನ ಸ್ಲೈಡನ್ನು ಎಳೆಯಿರಿ. ಪಟ್ ಅಂತ ಸದ್ದು ಬಂತಾ? ವಾದ್ಯ ಗಟ್ಟಿಯಾಗಿದೆ. ಪಿಸ್ಟನ್ನಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ. ಮಾಗಿ ಚಳಿಗೆ ಹೆಪ್ಪುಗಟ್ಟುತ್ತದೆ. ಪಿಸ್ಟನ್ನಿಗೆ ಹಾಕಲು ವಾಲ್ವ್ ಆಯಿಲ್ ಅಂತಲೇ ಸಿಗುತ್ತದೆ. ಸ್ಲೈಡಿಗೆ ವ್ಯಾಸಲೀನ್ ಸಾಕು. ಬೆಲ್ ಅಂದರೆ ಸದ್ದು ಹೊರಬರುವ ಅಗಲ ಬಾಯಿ, ಅದರ ಅಂಚಿನ ಸಣ್ಣ ತಗ್ಗಿಗೆ ದುಡ್ಡು ಸುರಿಯಬೇಡಿ, ಸ್ವರಕ್ಕೆ ಅದರಿಂದ ಏನೂ ಆಗದು. ಮೌತ್‌ಪೀಸಿನ ಹತ್ತಿರ ತಗ್ಗಿದ್ದರೆ ಮಾತ್ರ ರಿಪೇರಿಯವರಿಗೆ ತೋರಿಸಿ. ಕೊಳವೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆ, ನಡುವೆ ಕಪ್ಪು ಕಂಡರೆ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿದೆ ಅಂತ ಅರ್ಥ. ಆ ತುಂಡು ಬದಲಾಯಿಸಿ.

ಪ್ಲೇಯರ್ ಈಗಲೂ ಕೈಯಲ್ಲಿದ್ದರೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಬಿಡಿ. ಎರಡು ಹನಿ ಎಣ್ಣೆ ಬಿಟ್ಟು ಮಲಗಿ. ಬೆಳಿಗ್ಗೆ ಮೆಲ್ಲಗೆ ಎಳೆದು ನೋಡಿ. ಬರಲಿಲ್ಲವಾ? ಇನ್ನೆರಡು ಹನಿ. ನಮಸ್ಕಾರ.