ಗಂಟೆಯ ಸಾಲಿನಿಂದ ಆಚೆಗೆ: ಫಿಲಡೆಲ್ಫಿಯ

ಕೇಳುಗರಿಗೆ ನಮಸ್ಕಾರ.

ಮಗನ ಮನೆಗೋ ಮಗಳ ಮನೆಗೋ ಎಂದು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ, ನಯಾಗರಾ ಜಲಪಾತ, ವಾಷಿಂಗ್ಟನ್ನಿನ ಶ್ವೇತಭವನ. ದಾರಿಯಲ್ಲಿ ಹೇಗೂ ಸಿಗುತ್ತದಲ್ಲ ಅಂತ ಫಿಲಡೆಲ್ಫಿಯಕ್ಕೆ ಒಂದೆರಡು ತಾಸು. ಕಾರು ನಿಲ್ಲಿಸುವುದು, ಲಿಬರ್ಟಿ ಬೆಲ್ ಎಂಬ ಬಿರುಕು ಬಿಟ್ಟ ಗಂಟೆಯ ಮುಂದೆ ಫೋಟೊ ತೆಗೆಸಿಕೊಳ್ಳುವುದು, ಮತ್ತೆ ಹೈವೇ ಹಿಡಿಯುವುದು. ಆ ಊರಿಗೆ ಅಷ್ಟು ಸಾಲದು ಅನ್ನುವುದು ನನ್ನ ತಕರಾರು. ಎಲ್ಲರೂ ನೋಡುವ ವಸ್ತುವಿನ ಪಕ್ಕದಲ್ಲೇ ನೋಡಲೇಬೇಕಾದ್ದೊಂದು ಸುಮ್ಮನೆ ಬಿದ್ದಿರುವ ಊರು ಅದು.

1682ರಲ್ಲಿ ವಿಲಿಯಂ ಪೆನ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥದ, ಇಂಗ್ಲೆಂಡಿನವನು ಎರಡು ನದಿಗಳ ನಡುವೆ ಗೆರೆ ಎಳೆಸಿ ಕಟ್ಟಿಸಿದ ಪಟ್ಟಣ ಇದು. ಪೂರ್ವಕ್ಕೆ ಡೆಲವೇರ್ ನದಿ, ಪಶ್ಚಿಮಕ್ಕೆ ಸ್ಕೂಲ್‌ಕಿಲ್ ನದಿ. ಹಳೆಯ ಊರಿನ ಅಗಲವೆಲ್ಲ ಮೂರು ಕಿಲೋಮೀಟರು ಚಿಲ್ಲರೆ. ಉತ್ತರ ದಕ್ಷಿಣಕ್ಕೆ ಹೋಗುವ ಬೀದಿಗಳಿಗೆ ಎರಡನೆಯದು, ಮೂರನೆಯದು ಎಂದು ನಂಬರು. ಅಡ್ಡ ಬೀದಿಗಳಲ್ಲಿ ಚೆಸ್ಟ್‌ನಟ್, ವಾಲ್‌ನಟ್, ಸ್ಪ್ರೂಸ್, ಪೈನ್ ಎಂದು ಮರಗಳ ಹೆಸರಿನವೇ ಹೆಚ್ಚು. ದಾರಿ ತಪ್ಪಬೇಕೆಂದರೂ ತಪ್ಪುವುದು ಕಷ್ಟ. ಕಾರಿನ ಗೊಡವೆಯೇ ಬೇಡ, ಪಾರ್ಕಿಂಗಿಗೆ ಕೊಡುವ ದುಡ್ಡಿನಲ್ಲಿ ಮನೆಮಂದಿಯ ಊಟ ಆಗುತ್ತದೆ. ನ್ಯೂಜೆರ್ಸಿಯ ಎಡಿಸನ್ ಕಡೆ ಮಕ್ಕಳಿರುವವರು ಟ್ರೆಂಟನ್ ತನಕ ಒಂದು ರೈಲು, ಅಲ್ಲಿಂದ ಸೆಪ್ಟಾ ಎಂಬ ಫಿಲಡೆಲ್ಫಿಯದ ಸಾರಿಗೆ ಸಂಸ್ಥೆಯವರ ಇನ್ನೊಂದು ರೈಲು ಹಿಡಿದರೆ ಊರಿನ ನಡುವಿಗೇ ಬಂದು ಇಳಿಯಬಹುದು.

ಮೊದಲು ಗಂಟೆಯನ್ನೇ ನೋಡೋಣ. ಲಿಬರ್ಟಿ ಬೆಲ್ ನೋಡುವುದಕ್ಕೆ ಟಿಕೆಟ್ ಇಲ್ಲ, ಸಾಲು ಮತ್ತು ಚೀಲದ ತಪಾಸಣೆ ಮಾತ್ರ. 1751ರಲ್ಲಿ ಲಂಡನ್ನಿಗೆ ಆರ್ಡರು ಕೊಟ್ಟು ತರಿಸಿದ ಗಂಟೆ ಮೊದಲ ಸಲ ಬಾರಿಸಿ ನೋಡಿದಾಗಲೇ ಸೀಳಿತು. ಊರಿನವರೇ ಆದ ಪಾಸ್ ಮತ್ತು ಸ್ಟೋ ಎಂಬ ಇಬ್ಬರು ಎರಕದವರು ಅದನ್ನು ಕರಗಿಸಿ ಮತ್ತೆ ಎರಕ ಹೊಯ್ದರು. ಅವರಿಬ್ಬರ ಹೆಸರು ಗಂಟೆಯ ಮೈಮೇಲೆ ಎದ್ದು ಕಾಣುತ್ತದೆ. ತೂಕ ಸುಮಾರು 940 ಕಿಲೋ.

ಇನ್ನು ಬಿರುಕಿನ ವಿಷಯ. ಬೆರಳು ತೂರುವಷ್ಟು ಅಗಲದ ಆ ಸೀಳಿನ ಮುಂದೆ ನಿಂತು ಜನ ಫೋಟೊ ಹೊಡೆಸಿಕೊಳ್ಳುತ್ತಾರಲ್ಲ, ಅದು ರಿಪೇರಿಯ ಗುರುತು. ಮೊದಲಿದ್ದ ಸಣ್ಣ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ತಾಗಿ ಅದುರದಿರಲಿ ಎಂದು ಡ್ರಿಲ್ ಹಾಕಿ ಅದನ್ನು ಬೇಕೆಂದೇ ಅಗಲ ಮಾಡಿದರು. ಬಗ್ಗಿ ನೋಡಿದರೆ ಒಳಗಡೆ ಡ್ರಿಲ್ ಕೊರೆದ ಗೀರುಗಳು ಸಾಲಾಗಿ ಕಾಣುತ್ತವೆ, ನಲವತ್ತಕ್ಕೂ ಹೆಚ್ಚಿವೆ. 1846ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಹುಟ್ಟುಹಬ್ಬಕ್ಕೆ ಬಾರಿಸುವಾಗ ಆ ಸೀಳಿನ ತುದಿಯಿಂದ ಕೂದಲೆಳೆಯಂಥ ಇನ್ನೊಂದು ಬಿರುಕು ಮೇಲಕ್ಕೆ ಓಡಿತು. ಗಂಟೆಯ ಬಾಯಿ ಕಟ್ಟಿದ್ದು ಅದು. ಪಕ್ಕದಲ್ಲಿ ನಿಂತವರಿಗೆ ಬೆರಳಿಟ್ಟು ತೋರಿಸುವ ತನಕ ಅದು ಕಣ್ಣಿಗೇ ಬೀಳುವುದಿಲ್ಲ.

1776ರ ಜುಲೈ 4ರಂದು ಸ್ವಾತಂತ್ರ್ಯ ಸಾರಲು ಈ ಗಂಟೆ ಮೊಳಗಿತು ಅನ್ನುತ್ತಾರೆ. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಕತೆಗಾರ ಹೆಣೆದ ಕತೆ. ಘೋಷಣೆಯನ್ನು ಜನರೆದುರು ಓದಿದ್ದೇ ಜುಲೈ 8ರಂದು. ಲಿಬರ್ಟಿ ಬೆಲ್ ಎಂಬ ಹೆಸರನ್ನು ಬಳಕೆಗೆ ತಂದವರು 1830ರ ದಶಕದಲ್ಲಿ ಗುಲಾಮಗಿರಿ ತೊಲಗಬೇಕೆಂದು ಹೋರಾಡುತ್ತಿದ್ದವರು. ನಾಡಿನ ನಿವಾಸಿಗಳಿಗೆಲ್ಲ ಬಿಡುಗಡೆಯನ್ನು ಸಾರಿ ಎಂಬ ಬೈಬಲ್ಲಿನ ಸಾಲು ಗಂಟೆಯ ಮೇಲಿದೆ, ಆ 'ಎಲ್ಲ'ದೊಳಗೆ ಕಪ್ಪು ಜನರಿಲ್ಲವೇ ಎಂದು ಕೇಳಿದವರು ಅವರು.

ಈಗ ಸಾಲಿನಿಂದ ಹೊರಗೆ ಬನ್ನಿ. ಗಂಟೆಯ ಕಟ್ಟಡದ ಉತ್ತರದ ತುದಿಯಲ್ಲಿ, ಮಾರ್ಕೆಟ್ ಬೀದಿಗೆ ಮುಖ ಮಾಡಿ, ಚಾವಣಿಯಿಲ್ಲದ ಒಂದು ಮನೆಯ ಚೌಕಟ್ಟು ನಿಂತಿದೆ. ಮೋಟು ಗೋಡೆ, ಬಾಗಿಲು ಕಿಟಕಿಗಳ ಖಾಲಿ ಕಟ್ಟು, ಅಷ್ಟೇ. ಮುಕ್ಕಾಲು ಪಾಲು ಜನ ಹಾದುಹೋಗುವಾಗ ತಿರುಗಿ ನೋಡುವುದಿಲ್ಲ. ಈ ಊರಿನಲ್ಲಿ ಒಂದೇ ಒಂದು ಜಾಗ ನೋಡಲು ಹೊತ್ತಿದೆ ಎಂದರೆ ನಾನು ಹೇಳುವುದು ಇದನ್ನೇ.

1790ರಿಂದ 1800ರವರೆಗೆ ಫಿಲಡೆಲ್ಫಿಯ ಅಮೆರಿಕದ ರಾಜಧಾನಿ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ವಾಸವಿದ್ದದ್ದು ಈ ಜಾಗದಲ್ಲಿದ್ದ ಮನೆಯಲ್ಲಿ. ತಮ್ಮ ವರ್ಜೀನಿಯದ ಎಸ್ಟೇಟಿನಿಂದ ಒಂಬತ್ತು ಮಂದಿ ಗುಲಾಮರನ್ನು ಅವರು ಇಲ್ಲಿಗೆ ತಂದಿದ್ದರು. ಫಿಲಡೆಲ್ಫಿಯ ಇರುವ ಪೆನ್ಸಿಲ್ವೇನಿಯ ರಾಜ್ಯದ 1780ರ ಕಾನೂನಿನ ಪ್ರಕಾರ ಹೊರಗಿನಿಂದ ತಂದ ಗುಲಾಮ ಇಲ್ಲಿ ಆರು ತಿಂಗಳು ಇದ್ದರೆ ಬಿಡುಗಡೆ ಕೇಳಬಹುದಿತ್ತು. ಅದಕ್ಕೇ ಆರು ತಿಂಗಳು ತುಂಬುವುದರೊಳಗೆ ಅವರನ್ನು ಗಡಿಯಾಚೆ ಕಳಿಸಿ ವಾಪಸು ಕರೆಸಿಕೊಳ್ಳುವ ಏರ್ಪಾಡು ಆಗಿತ್ತು. ಅವರಲ್ಲಿ ಓನಾ ಜಡ್ಜ್ ಎಂಬ ಇಪ್ಪತ್ತೆರಡರ ಆಸುಪಾಸಿನ ಹುಡುಗಿ ಅಧ್ಯಕ್ಷರ ಹೆಂಡತಿ ಮಾರ್ಥಾ ವಾಷಿಂಗ್ಟನ್ನರ ಖಾಸಾ ಸೇವಕಿ. ತನ್ನನ್ನು ಮೊಮ್ಮಗಳಿಗೆ ಮದುವೆಯ ಉಡುಗೊರೆಯಾಗಿ ಕೊಡುತ್ತಾರೆ ಎಂಬ ಸುದ್ದಿ ಅವಳ ಕಿವಿಗೆ ಬಿತ್ತು. 1796ರ ಮೇ ತಿಂಗಳಲ್ಲೊಂದು ದಿನ, ಮನೆಯವರು ಊಟಕ್ಕೆ ಕೂತಿದ್ದಾಗ, ಅವಳು ಎದ್ದು ಹೊರನಡೆದಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರ್ ಸೇರಿದಳು. ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಇನಾಮು ಎಂದು ಪತ್ರಿಕೆಯಲ್ಲಿ ಜಾಹೀರಾತು ಬಂತು. ವಾಷಿಂಗ್ಟನ್ ಬದುಕಿರುವ ತನಕ ಪ್ರಯತ್ನ ಬಿಡಲಿಲ್ಲ, ಅವಳು ಕೈಗೆ ಸಿಗಲೂ ಇಲ್ಲ. ಅವಳ ಮುಪ್ಪಿನಲ್ಲಿ ಪತ್ರಿಕೆಯವರೊಬ್ಬರು, ಆ ದೊಡ್ಡ ಮನೆ ಬಿಟ್ಟು ಬಡತನ ಕಟ್ಟಿಕೊಂಡಿರಲ್ಲ, ಪಶ್ಚಾತ್ತಾಪ ಇದೆಯೇ ಎಂದಾಗ, ಇಲ್ಲ, ನಾನು ಸ್ವತಂತ್ರಳು ಎಂದಳಂತೆ.

ಮನೆ 1832ರಲ್ಲಿ ನೆಲಕ್ಕುರುಳಿತು. ಎಷ್ಟೋ ವರ್ಷ ಆ ಜಾಗದ ಮೇಲೆ ಸಾರ್ವಜನಿಕ ಶೌಚಾಲಯ ಇತ್ತು. 2007ರಲ್ಲಿ ಅಗೆದಾಗ ಅಡುಗೆಮನೆಯ ತಳಪಾಯವೂ, ಅಲ್ಲಿಂದ ಮುಖ್ಯ ಮನೆಗೆ ಆಳುಗಳು ಓಡಾಡುತ್ತಿದ್ದ ನೆಲದಡಿಯ ದಾರಿಯೂ ಸಿಕ್ಕವು. ಗಾಜಿನ ಕೆಳಗೆ ಅದನ್ನು ಉಳಿಸಿದ್ದಾರೆ. ಒಂಬತ್ತು ಜನರ ಹೆಸರನ್ನು ಗೋಡೆಗೆ ಕೆತ್ತಿದ್ದಾರೆ. ಅಲ್ಲಿಂದ ಗಂಟೆಯ ಕಟ್ಟಡಕ್ಕೆ ಕೆಲವೇ ಹೆಜ್ಜೆ.

ಎದುರಿಗೇ ಇಂಡಿಪೆಂಡೆನ್ಸ್ ಹಾಲ್. 1776ರ ಸ್ವಾತಂತ್ರ್ಯ ಘೋಷಣೆಯೂ 1787ರ ಸಂವಿಧಾನವೂ ಇದರೊಳಗಿನ ಒಂದೇ ಕೋಣೆಯಲ್ಲಿ ಅಂಗೀಕಾರವಾದವು. 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ವರ್ಷದ ಬಹುಪಾಲು ದಿನ ಹೊತ್ತು ಗೊತ್ತುಮಾಡಿದ ಟಿಕೆಟ್ ಬೇಕು, ಆನ್‌ಲೈನಿನಲ್ಲಿ ಮುಂಚೆಯೇ ಕಾದಿರಿಸಿಕೊಂಡರೆ ಕ್ಷೇಮ. ಹಸಿರು ಬಟ್ಟೆ ಹೊದಿಸಿದ ಮೇಜುಗಳ ಹಿಂದೆ, ಸ್ವಲ್ಪ ಎತ್ತರದ ವೇದಿಕೆಯ ಮೇಲೆ, ವಾಷಿಂಗ್ಟನ್ ಕೂತಿದ್ದ ಕುರ್ಚಿ ಇದೆ. ಕೋಣೆಯ ಸಾಮಾನುಗಳಲ್ಲಿ ಹೆಚ್ಚಿನವು ಅದೇ ಕಾಲದ ಬೇರೆ ಕಡೆಯವು, ಕುರ್ಚಿ ಮಾತ್ರ ಅಸಲಿ. ಬೆನ್ನಿನ ಮೇಲ್ತುದಿಗೆ ಅರ್ಧ ಸೂರ್ಯನ ಕೆತ್ತನೆ. ಸಂವಿಧಾನಕ್ಕೆ ಸಹಿ ಬೀಳುವಾಗ, ಅಮೆರಿಕವನ್ನು ಕಟ್ಟಿದ ಹಿರಿಯರಲ್ಲೊಬ್ಬರಾದ ಎಂಬತ್ತೊಂದರ ಬೆಂಜಮಿನ್ ಫ್ರಾಂಕ್ಲಿನ್, 'ಬೇಸಿಗೆಯಿಡೀ ಅದನ್ನೇ ನೋಡುತ್ತಿದ್ದೆ, ಹುಟ್ಟುವ ಸೂರ್ಯನೋ ಮುಳುಗುವವನೋ ತಿಳಿದಿರಲಿಲ್ಲ, ಈಗ ತಿಳಿಯಿತು, ಹುಟ್ಟುವವನೇ' ಅಂದದ್ದು ದಾಖಲಾಗಿದೆ. ಗೈಡು ಈ ಮಾತು ಹೇಳಿದಾಗ ಎಲ್ಲರೂ ತಲೆದೂಗುತ್ತಾರೆ. ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಎಂಬ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕೆಂಬ ಒಪ್ಪಂದವೂ ಅದೇ ಬೇಸಿಗೆಯಲ್ಲಿ, ಅದೇ ಕುರ್ಚಿಯ ಮುಂದೆ ಆದದ್ದು. ನೀವಾಗಿ ಕೇಳಿದರೆ ಗೈಡು ಅದನ್ನೂ ವಿವರಿಸುತ್ತಾರೆ.

ಅಲ್ಲಿಂದ ಡೆಲವೇರ್ ನದಿಯ ಕಡೆಗೆ ಸ್ವಲ್ಪ ನಡೆದರೆ ಎಲ್‌ಫ್ರೆತ್ಸ್ ಆ್ಯಲಿ ಎಂಬ ಓಣಿ. ಕಲ್ಲು ಹಾಸಿದ ಇಕ್ಕಟ್ಟು ದಾರಿ, ಎರಡೂ ಕಡೆ ಇಟ್ಟಿಗೆಯ ಪುಟ್ಟ ಮನೆಗಳು, ಹಳೆಯವು 1720ರ ದಶಕದವು. ಸಂಸಾರಗಳು ಈಗಲೂ ವಾಸ ಇವೆ, ಕಿಟಕಿಗೆ ಮುಖ ಆನಿಸಿ ಒಳಗೆ ಇಣುಕಬೇಡಿ. ನೋಡಬೇಕಾದ್ದು ಮೇಲುಗಡೆ ಇದೆ. ಮಹಡಿಯ ಕಿಟಕಿಯಿಂದ ಮೂರು ಕನ್ನಡಿಗಳನ್ನು ಕೋನ ಮಾಡಿ ಹೊರಚಾಚಿದ್ದಾರೆ. ಕೆಳಗೆ ಬಾಗಿಲು ತಟ್ಟಿದವರು ಯಾರು ಎಂದು ಕುರ್ಚಿಯಿಂದ ಏಳದೆ ನೋಡಿ, ಸಾಲ ಕೇಳಲು ಬಂದವರಾದರೆ ಮನೆಯಲ್ಲಿ ಇಲ್ಲದ ಹಾಗೆ ಸುಮ್ಮನಿರಲು ಅನುಕೂಲ. ಹಳೆಯ ಮನೆಗಳ ಮುಂಗೋಡೆಯಲ್ಲಿ ನಾಲ್ಕು ಕೈಗಳು ಒಂದರ ಮಣಿಕಟ್ಟು ಒಂದು ಹಿಡಿದಿರುವ ಲೋಹದ ಬಿಲ್ಲೆ ಸಿಕ್ಕರೆ, ಅದು 1752ರಲ್ಲಿ ಫ್ರಾಂಕ್ಲಿನ್ ಮತ್ತು ಗೆಳೆಯರು ಆರಂಭಿಸಿದ ಬೆಂಕಿ ವಿಮೆಯ ಗುರುತು. ಹತ್ತಿರದ ಕ್ರೈಸ್ಟ್ ಚರ್ಚಿನ ಸ್ಮಶಾನದಲ್ಲಿ ಫ್ರಾಂಕ್ಲಿನ್ನರ ಸಮಾಧಿ ಇದೆ. ದುಂದು ಬೇಡ ಎಂದು ಆಯಸ್ಸಿಡೀ ಬರೆದವರ ಸಮಾಧಿಯ ಮೇಲೆ ಜನ ನಾಣ್ಯ ಎಸೆದು ಎಸೆದು ಕಲ್ಲನ್ನೇ ಸವೆಸಿದ್ದಾರೆ.

ಹಸಿವಾಯಿತು ಅನ್ನುವ ಹೊತ್ತಿಗೆ ರೀಡಿಂಗ್ ಟರ್ಮಿನಲ್ ಮಾರ್ಕೆಟ್ಟಿಗೆ ಹೋಗಿ. ಹಳೆಯ ರೈಲು ನಿಲ್ದಾಣದ ಅಡಿಯಲ್ಲಿ 1893ರಿಂದ ನಡೆಯುತ್ತಿರುವ ಸಂತೆ. ಊರಿನ ಹೆಸರುವಾಸಿ ಚೀಸ್‌ಸ್ಟೇಕ್ ದನದ ಮಾಂಸದ್ದು, ತಿನ್ನದವರು ಮೊದಲೇ ತಿಳಿದಿರಿ. ಹಳೆಯ ಕಾಲದ ಸರಳ ಬದುಕನ್ನೇ ಉಳಿಸಿಕೊಂಡ ಆಮಿಶ್ ಎಂಬ ಕ್ರೈಸ್ತ ಪಂಥದವರ ಅಂಗಡಿಯಲ್ಲಿ ಬಿಳಿ ಟೋಪಿಯ ಹೆಣ್ಣುಮಕ್ಕಳು ನಾದಿದ ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಎರಡು ತುದಿ ಹಿಡಿದು ಒಂದೇ ಬೀಸಿಗೆ ಗಂಟು ಹಾಕಿ ಒಲೆಗೆ ತಳ್ಳುತ್ತಾರೆ. ಹೊರಬಂದ ಪ್ರೆಟ್ಜೆಲ್ ಮೇಲೆ ಬೆಣ್ಣೆ ಸವರಿ ಕೈಗಿಡುತ್ತಾರೆ. ಬಿಸಿಬಿಸಿ ತಿಂದರೇ ರುಚಿ. ಭಾನುವಾರ ಆಮಿಶರು ಅಂಗಡಿ ತೆರೆಯುವುದಿಲ್ಲ.

ಮಾರ್ಕೆಟ್ಟಿನ ಹತ್ತಿರದಲ್ಲೇ ಸಿಟಿ ಹಾಲ್, 1871ರಿಂದ 1901ರವರೆಗೆ ಕಟ್ಟಿದ್ದು. ಗೋಪುರದ ತುದಿಯಲ್ಲಿ 11 ಮೀಟರಿನ ವಿಲಿಯಂ ಪೆನ್. ಅವನ ಟೋಪಿಗಿಂತ ಎತ್ತರಕ್ಕೆ ಯಾರೂ ಕಟ್ಟಬಾರದು ಎಂಬ ಬಾಯಿಮಾತಿನ ಕಟ್ಟಳೆಯನ್ನು 1987ರಲ್ಲಿ ಒಂದು ಗಗನಚುಂಬಿ ಮುರಿಯಿತು. ಆಮೇಲೆ ಊರಿನ ದೊಡ್ಡ ಕ್ರೀಡಾ ತಂಡಗಳಿಗೆ ವರ್ಷಗಟ್ಟಲೆ ಒಂದು ಪಟ್ಟವೂ ಸಿಗಲಿಲ್ಲ, ಪೆನ್ ಶಾಪ ಎಂದರು ಜನ. 2007ರಲ್ಲಿ ಹೊಸ ಕಾಮ್‌ಕಾಸ್ಟ್ ಗೋಪುರದ ನೆತ್ತಿಗೆ ಅಂಗೈಯಷ್ಟು ಚಿಕ್ಕ ಪೆನ್ ಗೊಂಬೆ ಅಂಟಿಸಿದರು. ಮರುವರ್ಷವೇ ಬೇಸ್‌ಬಾಲ್ ತಂಡ ಗೆದ್ದಿತು. ಗಾಡಿಗೆ ನಿಂಬೆಹಣ್ಣು ಕಟ್ಟುವ ನಾವು ನಗುವ ಹಾಗಿಲ್ಲ.

ಕೊನೆಯದಾಗಿ ಕಲಾ ಸಂಗ್ರಹಾಲಯ. ಸಿನಿಮಾದ ಬಾಕ್ಸರೊಬ್ಬ ಓಡಿ ಹತ್ತಿದ ಎಪ್ಪತ್ತೆರಡು ಮೆಟ್ಟಿಲು ಇಲ್ಲಿನವೇ. ಜನ ಹತ್ತುತ್ತಾರೆ, ಕೈ ಮೇಲೆತ್ತಿ ವಿಡಿಯೊ ಮಾಡಿಸಿಕೊಳ್ಳುತ್ತಾರೆ, ಬಾಗಿಲಿಗೆ ಬೆನ್ನು ತಿರುಗಿಸಿ ಇಳಿದು ಹೋಗುತ್ತಾರೆ. ಒಳಗೆ ಹೋದವರಿಗೆ ಏಷ್ಯಾ ವಿಭಾಗದಲ್ಲಿ ಮಧುರೆಯ ಮದನಗೋಪಾಲಸ್ವಾಮಿ ದೇವಸ್ಥಾನದ ಕಲ್ಲಿನ ಮಂಟಪವೇ ಎದುರಾಗುತ್ತದೆ. ಸುಮಾರು 1560ರದ್ದು, ಅಂದರೆ ತಾಳಿಕೋಟೆ ಯುದ್ಧಕ್ಕೆ ಐದಾರು ವರ್ಷ ಮುಂಚಿನದು. ಮಧುರೆಯಲ್ಲಿ ಆಗ ವಿಜಯನಗರದ ಕೈಕೆಳಗಿನ ನಾಯಕರ ಆಳ್ವಿಕೆ. ಹಂಪಿಯ ಮಂಟಪಗಳಲ್ಲಿ ಓಡಾಡಿದವರಿಗೆ ಕಂಬಕ್ಕೆ ಮೈಗೂಡಿ ನಿಂತ ವಿಗ್ರಹಗಳ ಗತ್ತು ಕೂಡಲೇ ಗುರುತು ಹತ್ತುತ್ತದೆ. ಅಡೆಲಿನ್ ಪೆಪ್ಪರ್ ಗಿಬ್ಸನ್ ಎಂಬ ಫಿಲಡೆಲ್ಫಿಯದ ಮಹಿಳೆ 1912ರಲ್ಲಿ ಮಧುರೆಗೆ ಹೋದಾಗ ಗುಡಿಯ ಆವರಣದಲ್ಲಿ ಬಿದ್ದಿದ್ದ ಈ ಗ್ರಾನೈಟ್ ಕಲ್ಲುಗಳನ್ನು ಕೊಂಡು ಹಡಗಿಗೆ ಹಾಕಿಸಿದರು. ಅವರು ತೀರಿಕೊಂಡ ಮೇಲೆ, 1919ರಲ್ಲಿ, ಮನೆಯವರು ಸಂಗ್ರಹಾಲಯಕ್ಕೆ ಕೊಟ್ಟರು. ಅಲ್ಲೇ ಉಳಿದಿದ್ದರೆ ಮಳೆಯಲ್ಲಿ ನೆನೆಯುತ್ತಿದ್ದವು ಎನ್ನುವವರೂ ಇದ್ದಾರೆ, ದೇವರ ಸೊತ್ತನ್ನು ಹೀಗೆ ಮಾರಬಹುದೇ ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಹಾಗೆಂದು ನೋಡದೆ ಬರಬೇಡಿ. ಟಿಕೆಟ್ ದುಬಾರಿ ಅನ್ನಿಸಿದರೆ ತಿಂಗಳ ಮೊದಲ ಭಾನುವಾರವೋ ಶುಕ್ರವಾರ ಸಂಜೆಯೋ ಹೋಗಿ, ಆಗ ಕೈಲಾದಷ್ಟು ಕೊಟ್ಟು ಒಳಗೆ ಹೋಗಬಹುದು. ನಮಸ್ಕಾರ.