ಬುಟ್ಟಿ ಹೆಣೆದು ಅದರಲ್ಲೇ ಅನ್ನ ಬೇಯಿಸುತ್ತಾರೆ! ಮಲಯರ ತಿಂಡಿ ಮತ್ತು ಹೆಣಿಗೆ

[ದೃಶ್ಯ: ತೆಂಗಿನ ಗರಿ ಹೆಣೆಯುತ್ತಿರುವ ಎರಡು ಕೈಗಳು]

ನಮಸ್ಕಾರ. ಈ ಕೈಗಳು ಮಾಡುತ್ತಿರುವುದು ಬುಟ್ಟಿನಾ, ಅಡುಗೆನಾ? ಎರಡೂ ಹೌದು.

ಇದರ ಹೆಸರು ಕೆತುಪಟ್. ಮಲೇಷ್ಯಾದ ಮಲಯ ಜನರಿಗೆ ರಂಜಾನ್ ಹಬ್ಬಕ್ಕೆ ಇದು ಇರಲೇಬೇಕು. ತೆಂಗಿನ ಸುಳಿಯ ಎಳೆ ಗರಿ ಎರಡು ತಗೊಳ್ಳಿ, ಮಧ್ಯದ ಕಡ್ಡಿ ತೆಗೆಯಿರಿ. ಒಂದೊಂದು ಕೈಗೆ ಒಂದೊಂದು ಗರಿಯನ್ನು ಮೂರು ಸುತ್ತು ಸುತ್ತಿ, ಒಂದರೊಳಗೊಂದು ಮೇಲೆ-ಕೆಳಗೆ ತೂರಿಸುತ್ತಾ ಹೋಗಬೇಕು. ಕೊನೆಗೆ ತುದಿ ಹಿಡಿದು ಎಳೆದರೆ ಪುಟ್ಟ ಡಬ್ಬಿ ಸಿದ್ಧ. ಹೇಳುವುದು ಸುಲಭ ಬಿಡಿ. ಮೊದಲ ಸಲ ಕೈಯಲ್ಲಿ ಉಳಿಯುವುದು ಬರೀ ಗಂಟು!

[ದೃಶ್ಯ: ಡಬ್ಬಿಗೆ ಅಕ್ಕಿ ತುಂಬುವುದು]

ಅಕ್ಕಿಯನ್ನು ಪೂರ್ತಿ ತುಂಬುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಾಲ್ಕೈದು ಗಂಟೆ ಕುದಿಸುತ್ತಾರೆ. ಅಕ್ಕಿ ಅರಳುತ್ತದೆ, ಆದರೆ ಹೆಣಿಗೆ ಬಿಡುವುದಿಲ್ಲ. ಹಾಗಾಗಿ ಅಗುಳುಗಳು ಒತ್ತಿಕೊಂಡು ಗಟ್ಟಿ ಕಡುಬಿನಂತಾಗುತ್ತವೆ. ಹೆಣಿಗೆ ಸಡಿಲವಾಗಿದ್ದರೆ ಅನ್ನವೂ ಮುದ್ದೆ ಮುದ್ದೆ. ಅಂದರೆ ಇಲ್ಲಿ ಅಡುಗೆ ಕೆಡುವುದು ಒಲೆಯ ಮೇಲಲ್ಲ, ಹೆಣೆಯುವಾಗಲೇ.

ಮಂಗಳೂರು, ಉಡುಪಿ ಕಡೆಯವರಿಗೆ ಈಗ ಮೂಡೆ ನೆನಪಾಗಿರಬೇಕು, ಅಲ್ವಾ? ಕೇದಗೆ ಜಾತಿಯ ಎಲೆಯನ್ನು ಕೊಳವೆ ಥರ ಸುತ್ತಿ, ಇಡ್ಲಿ ಹಿಟ್ಟು ಹೊಯ್ದು ಬೇಯಿಸುವುದು. ಅದೇ ಜಾತಿಯ ಗಿಡಗಳು ಮಲಯರ ಮನೆಯಲ್ಲಿ ಎರಡು ಕೆಲಸ ಮಾಡುತ್ತವೆ.

ಒಂದು ಪಾಂಡಾನ್. ಘಮಘಮ ಎಲೆ. ಅದರ ರಸದಿಂದಲೇ ಎಷ್ಟೋ ಕುಇಗಳಿಗೆ ಹಸಿರು ಬಣ್ಣ. ಕುಇ ಅಂದರೆ ಅವರ ತಿಂಡಿ, ಕೇಕು, ಸಿಹಿ ಎಲ್ಲವೂ.

[ದೃಶ್ಯ: ಕುದಿಯುವ ನೀರಲ್ಲಿ ತೇಲುವ ಹಸಿರು ಉಂಡೆಗಳು]

ಇದು ಒಂದೆ-ಒಂದೆ. ಹೆಸರು ಕೇಳಿ ಒಂದೇ ಒಂದು ತಿಂದು ಎದ್ದುಬಿಡಬೇಡಿ! ಅಂಟು ಅಕ್ಕಿ ಹಿಟ್ಟಿಗೆ ಪಾಂಡಾನ್ ರಸ ಹಾಕಿ ಕಲಸಿ, ಒಳಗೆ ಗುಲಾ ಮೆಲಕಾ ಚೂರು ಇಟ್ಟು ಉಂಡೆ ಕಟ್ಟುತ್ತಾರೆ. ಗುಲಾ ಮೆಲಕಾ ಅಂದರೆ ತೆಂಗಿನ ನೀರಾ ಕಾಯಿಸಿ, ಬಿದಿರಿನ ಕೊಳವೆಗೆ ಹೊಯ್ದು ಮಾಡಿದ ಬೆಲ್ಲ. ಉಂಡೆ ಮೇಲೆ ತೇಲಿದರೆ ಬೆಂದಿದೆ ಅಂತ ಅರ್ಥ. ಚಿಟಿಕೆ ಉಪ್ಪು ಬೆರೆಸಿದ ಕಾಯಿತುರಿಯಲ್ಲಿ ಹೊರಳಿಸಿದರೆ ಮುಗಿಯಿತು. ಇಡೀ ಉಂಡೆ ಬಾಯಿಗೆ ಹಾಕಿ ಬಾಯಿ ಮುಚ್ಚಿಕೊಂಡೇ ಕಚ್ಚಿ. ಒಳಗಿನ ಬೆಲ್ಲ ಕರಗಿ ಪಾನಕವಾಗಿರುತ್ತದೆ, ಪಕ್ಕದವರ ಅಂಗಿ ಮೇಲೆ ಹಾರೀತು.

[ದೃಶ್ಯ: ಬಣ್ಣ ಬಣ್ಣದ ಚಾಪೆ, ಬುಟ್ಟಿಗಳು]

ಇನ್ನೊಂದು ಮೆಂಗ್ಕುವಾಂಗ್. ಉದ್ದನೆಯ ಮುಳ್ಳೆಲೆ. ಮುಳ್ಳು ತೆಗೆದು, ಒಂದೇ ಅಗಲಕ್ಕೆ ಸೀಳಿ, ನೆನೆಸಿ, ಒಣಗಿಸಿ, ಬಣ್ಣ ಹಾಕಿ ಹೆಣೆದರೆ ಚಾಪೆ, ಬುಟ್ಟಿ ಎಲ್ಲವೂ ಆಗುತ್ತವೆ. ನನಗೆ ತುಂಬಾ ಇಷ್ಟವಾದದ್ದು ತುದುಂಗ್ ಸಾಜಿ, ತಿಂಡಿ ತಟ್ಟೆಗೆ ನೊಣ ಕೂರದಂತೆ ಮುಚ್ಚುವ ಗೋಪುರದಂಥ ಮುಚ್ಚಳ. ಇದರ ಪಟ್ಟಿಗಳು ಮೂರು ದಿಕ್ಕಿಗೆ ಓಡುತ್ತವೆ. ನೆತ್ತಿಯಲ್ಲಿ ಆರು ಪಟ್ಟಿಯಿಂದ ಶುರು ಮಾಡಿದರೆ ಹೆಣಿಗೆ ಚಪ್ಪಟೆ ಚಾಪೆಯಾಗುತ್ತದೆ. ಒಂದು ಕಮ್ಮಿ ಮಾಡಿ ಐದಕ್ಕೆ ಶುರು ಮಾಡಿದರೆ ತಾನಾಗೇ ಮೇಲೆದ್ದು ಗೋಪುರವಾಗುತ್ತದೆ!

[ದೃಶ್ಯ: ಚಾಕು, ಬೆಂದ ಕೆತುಪಟ್]

ಅಂದ ಹಾಗೆ, ಬೆಂದ ಕೆತುಪಟ್‌ನ ಹೆಣಿಗೆಯನ್ನು ಯಾರೂ ಬಿಚ್ಚುತ್ತಾ ಕೂರುವುದಿಲ್ಲ. ಅಷ್ಟು ಕಷ್ಟಪಟ್ಟು ಹೆಣೆದದ್ದನ್ನು ಚಾಕುವಿನಿಂದ ಸೀದಾ ಎರಡು ಹೋಳು ಮಾಡಿ, ಗರಿ ಕಿತ್ತೆಸೆದು, ಕಡಲೆಕಾಯಿ ಗೊಜ್ಜಿನ ಜೊತೆ ತಿನ್ನುತ್ತಾರೆ.